ಜಿಮಖಾನಾದ ಕಟ್ಟಳೆ, ನಾಯಕನ ಪಟ್ಟ

ಚರ್ನಿ ರೋಡ್ ಸ್ಟೇಷನ್ನಿನಿಂದ ಮರೀನ್ ಲೈನ್ಸ್ ಕಡೆಗೆ ಗಾಡಿ ಹೊರಟಾಗ ಬಲಗಡೆಯ ಕಿಟಕಿಯಿಂದ ನೋಡಿದರೆ ಕಡಲಿನ ಅಂಚಿಗೆ ಸಾಲಾಗಿ ಆಟದ ಬಯಲುಗಳು ಕಾಣುತ್ತವೆ. ಒಂದು ಪಾರಸಿ ಜಿಮಖಾನಾ, ಒಂದು ಹಿಂದೂ ಜಿಮಖಾನಾ, ಇನ್ನೊಂದು ಇಸ್ಲಾಂ ಜಿಮಖಾನಾ. ಕೋಟೆಯ ಕಚೇರಿಗಳಿಗೆ ಹೋಗಿ ಬರುವ ನಮ್ಮವರು ಇವನ್ನು ದಿನಕ್ಕೆ ಎರಡು ಸಲ ನೋಡುತ್ತಾರೆ. ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾಗಿ, ಅವು ಅಲ್ಲಿವೆಯೆಂಬುದನ್ನೇ ಮರೆತಿರುತ್ತಾರೆ. ಊರಿನಿಂದ ಹೊಸದಾಗಿ ಬಂದ ಹುಡುಗನೊಬ್ಬನು, "ಆಟದ ಬಯಲಿಗೂ ಜಾತಿಮತ ಉಂಟೇ?" ಎಂದು ಕೇಳಿದನೆನ್ನಿ. ಅವನಿಗೆ ಸರಿಯಾದ ಉತ್ತರ ಹೇಳಬೇಕಾದರೆ ಮುಂಬಯಿಯ ನೂರು ವರ್ಷಗಳ ಕತೆಯನ್ನೇ ಹೇಳಬೇಕಾಗುತ್ತದೆ. ಆ ಕತೆಯ ನಡುವೆ ನಮ್ಮ ಧಾರವಾಡದಲ್ಲಿ ಹುಟ್ಟಿದ ಒಬ್ಬ ಮಹಾ ಆಟಗಾರನೂ ಬರುತ್ತಾನೆ.

ಈ ದೇಶದವರಲ್ಲಿ ಕ್ರಿಕೆಟಿಗೆ ಮೊದಲು ಮನಸೋತವರು ಮುಂಬಯಿಯ ಪಾರಸಿಗಳು. ಅವರ ಓರಿಯೆಂಟಲ್ ಕ್ರಿಕೆಟ್ ಕ್ಲಬ್ಬು 1848ರಲ್ಲಿಯೇ ಹುಟ್ಟಿತು. ಆಮೇಲೆ 1875ರಲ್ಲಿ ಬಿಳಿಯರು ಬಾಂಬೆ ಜಿಮಖಾನಾವನ್ನು ಕಟ್ಟಿಕೊಂಡರು. ಅದರ ಬಾಗಿಲು ಬಿಳಿಯರಿಗೆ ಮಾತ್ರ ತೆರೆದಿತ್ತು. ಚಹಾದ ತಟ್ಟೆ ಹಿಡಿದು ಒಳಗೆ ಹೋಗುವವನ ಹೊರತು ಬೇರೆ ಭಾರತೀಯನು ಆ ಮೆಟ್ಟಿಲು ಹತ್ತುವಂತಿರಲಿಲ್ಲ. ಈ ದೇಶದ ಹುಡುಗರು ಮೈದಾನದ ಒಂದು ಮೂಲೆಯಲ್ಲಿ ಕ್ರಿಕೆಟ್ ಆಡುತ್ತಿದ್ದರೆ ಬಿಳಿಯರು ಅದೇ ನೆಲದ ಮೇಲೆ ಕುದುರೆ ಓಡಿಸಿ ಪೋಲೋ ಆಡಿ ಅಂಕಣವನ್ನು ಹಾಳುಗೆಡವುತ್ತಿದ್ದರು. ಪಾರಸಿಗಳು ಸರಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆದರು. ಬಹಳ ಕಾಲದ ತಕರಾರಿನ ತರುವಾಯ ಸರಕಾರವು ಕಂಡುಕೊಂಡ ಉಪಾಯವೆಂದರೆ, ಕಡಲನ್ನು ಹಿಂದೂಡಿ ಪಡೆದ ನೆಲದಲ್ಲಿ ಪಾರಸಿಗಳಿಗೊಂದು ಬಯಲನ್ನು ಕೊಟ್ಟುಬಿಡುವುದು. ಅವರಿಗೆ ಕೊಟ್ಟ ಮೇಲೆ ಮುಸಲ್ಮಾನರೂ ಹಿಂದೂಗಳೂ ಕೇಳದಿರುವರೇ? ಅವರಿಗೂ ಒಂದೊಂದು ದೊರೆಯಿತು. ಪರಮಾನಂದದಾಸ ಜೀವನದಾಸರ ಹೆಸರಿನ ಹಿಂದೂ ಜಿಮಖಾನಾವು 1894ರಲ್ಲಿ ತೆರೆಯಿತು. ಆಗ ಮುಂಬಯಿಯ ಗವರ್ನರರಾಗಿದ್ದವರು ಸ್ವತಃ ಇಂಗ್ಲೆಂಡಿನ ತಂಡದ ನಾಯಕರಾಗಿ ಆಡಿದ್ದ ಲಾರ್ಡ್ ಹ್ಯಾರಿಸರು.

ನೆಲ ಹೀಗೆ ಹಂಚಿಹೋದ ಮೇಲೆ ಆಟವೂ ಹಾಗೆಯೇ ಹಂಚಿತು. 1892ರಿಂದ ಬಿಳಿಯರಿಗೂ ಪಾರಸಿಗಳಿಗೂ ಪ್ರೆಸಿಡೆನ್ಸಿ ಪಂದ್ಯಗಳು ನಡೆದವು. 1907ರಲ್ಲಿ ಹಿಂದೂಗಳು ಸೇರಿ ಅದು ತ್ರಿಕೋನವಾಯಿತು. 1912ರಲ್ಲಿ ಮುಸಲ್ಮಾನರು ಸೇರಿ ಚತುಷ್ಕೋನ, ಅಂದರೆ ಪ್ರಸಿದ್ಧವಾದ ಕ್ವಾಡ್ರ್ಯಾಂಗ್ಯುಲರ್ ಆಯಿತು. ಮುಂಬಯಿಯ ಆ ಕಾಲದ ಹಬ್ಬಗಳಲ್ಲಿ ಇದೂ ಒಂದು. ವ್ಯಾಪಾರಿಗಳು ಅಂಗಡಿಯನ್ನು ಗುಮಾಸ್ತರ ಕೈಗೆ ಬಿಟ್ಟು ಬರುತ್ತಿದ್ದರು. ಗುಮಾಸ್ತರು ಅಜ್ಜಿಯ ಕಾಯಿಲೆಯ ನೆಪ ಹೇಳಿ ಬರುತ್ತಿದ್ದರೆಂದರೂ ನಂಬಬಹುದು. ಕ್ಲಬ್ಬುಗಳೂ ಬೇಕಾದಷ್ಟಿದ್ದವು: ಗೌಡ ಸಾರಸ್ವತರದೊಂದು, ಕ್ಷತ್ರಿಯರದೊಂದು, ಮರಾಠರದೊಂದು, ಗುಜರಾತಿಗಳದೊಂದು, ತೆಲುಗು ತರುಣರದೊಂದು, ನಮ್ಮ ಮಂಗಳೂರಿನ ಕಥೋಲಿಕರದೊಂದು. ಊರು ಬಿಟ್ಟು ಬಂದವರು ಮೊದಲು ದೇವರ ಫೋಟೋ ತೂಗಿಹಾಕಿ, ಎರಡನೆಯದಾಗಿ ಸಂಘ ಕಟ್ಟುತ್ತಾರೆಂಬ ಮಾತು ಕನ್ನಡಿಗರಿಗೆ ಮಾತ್ರ ಅನ್ವಯಿಸುವುದಲ್ಲ.

ಪಂದ್ಯಾವಳಿಗೆ ಕಟ್ಟಳೆಗಳಿದ್ದವು. ಸೋತವರು ಹೊರಗೆ, ಗೆದ್ದವರು ಮುಂದಕ್ಕೆ ಎಂಬುದು ಮೊದಲನೆಯದು. ಒಂದೊಂದು ಸಮುದಾಯದ ತಂಡವನ್ನು ಆಯಾ ಜಿಮಖಾನಾದ ಸಮಿತಿಯೇ ಆರಿಸಬೇಕೆಂಬುದು ಎರಡನೆಯದು. ಆಟಗಾರನು ಮುಂಬಯಿಯವನೇ ಆಗಬೇಕೆಂಬ ಬಿಗಿ ಇರಲಿಲ್ಲ; ಬಿಳಿಯರ ತಂಡವಂತೂ ಯಾರ್ಕ್‌ಷೈರಿನ ಹರ್ಸ್ಟ್, ರೋಡ್ಸ್ ಅವರಂಥವರನ್ನೇ ಆಡಿಸಿತು. ಆದರೆ ಒಂದು ವಿಷಯದಲ್ಲಿ ಕಟ್ಟಳೆಯೇ ಇರಲಿಲ್ಲ. ತಂಡದ ನಾಯಕನಾಗಲು ಏನು ಅರ್ಹತೆ? ಹಿರಿತನವೇ, ಆಟದ ಬಲವೇ, ಓದೇ, ಮನೆತನವೇ? ಇದನ್ನು ಯಾರೂ ಬರೆದಿಡಲಿಲ್ಲ. ಸಂಘ ಸಂಸ್ಥೆಗಳನ್ನು ನಡೆಸಿದವರಿಗೆ ಇದೇನೂ ಸೋಜಿಗವೆನಿಸದು. ಚಂದಾ ಎಷ್ಟು, ಸಭೆಗೆ ಕೋರಂ ಎಷ್ಟು ಎಂಬುದೆಲ್ಲ ನಿಯಮಾವಳಿಯ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಅಧ್ಯಕ್ಷ ಯಾರಾಗಬೇಕೆಂಬುದು ಮಾತ್ರ ಸಭೆಯ ಮೊದಲಿನ ಚಹಾದ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಹಿಂದೂ ತಂಡದಲ್ಲಿ ಬರೆದಿಡದ ಆ ಒಂದು ಕಟ್ಟಳೆಯು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಒಬ್ಬ ಮನುಷ್ಯನ ದಾರಿಗೆ ಅಡ್ಡ ನಿಂತಿತು.

ಆತನ ಹೆಸರು ಬಾಳೂ ಪಾಲವಣಕರ. ಮೂಲ ಊರು ಕೊಂಕಣದ ರತ್ನಾಗಿರಿ ಸೀಮೆಯ ಪಾಲವಣಿ, ಕುಲವು ಚರ್ಮಕಾರರದು. ಹುಟ್ಟಿದ್ದು 1870ರ ದಶಕದಲ್ಲಿ, ಧಾರವಾಡದಲ್ಲಿ. ಇದೊಂದೇ ಕಾರಣಕ್ಕೆ ಆತನನ್ನು ಕನ್ನಡಿಗನೆಂದು ಸಾಧಿಸಹೊರಡುವುದು ತರವಲ್ಲ. ಮನೆಮಾತು ಮರಾಠಿ, ಬೆಳೆದದ್ದು ಪುಣೆಯ ದಂಡಿನಲ್ಲಿ. ಧಾರವಾಡವು ಆಗ ಮುಂಬಯಿ ಇಲಾಖೆಯ ಒಂದು ಜಿಲ್ಲೆಯಾಗಿತ್ತು. ಧಾರವಾಡದವರು ಮುಂಬಯಿಗೆ, ಪುಣೆಯವರು ಧಾರವಾಡಕ್ಕೆ ನೌಕರಿಗಾಗಿ ಬಂದು ಹೋಗಿ ಮಾಡುತ್ತಿದ್ದ ಕಾಲ ಅದು. ಬಾಳೂ ಅವರ ತಂದೆಯೂ ಹಾಗೆ ದಂಡಿನ ಚಾಕರಿಯಲ್ಲಿದ್ದವರು. ಸೈನಿಕರು ಬಿಟ್ಟುಹೋದ ಬ್ಯಾಟು ಚೆಂಡುಗಳಿಂದ ಅಣ್ಣತಮ್ಮಂದಿರು ಆಟ ಕಲಿತರು.

ಮೊದಲು ಪುಣೆಯ ಪಾರಸಿಗಳ ಕ್ಲಬ್ಬೊಂದರಲ್ಲಿ ಅಂಕಣ ಗುಡಿಸಿ ಉರುಳುಗಲ್ಲು ಎಳೆಯುವ ಕೆಲಸ. ಸಂಬಳ ತಿಂಗಳಿಗೆ 3 ರೂಪಾಯಿ. ಅನಂತರ ಬಿಳಿಯರ ಪೂನಾ ಜಿಮಖಾನಾದಲ್ಲಿ 4 ರೂಪಾಯಿ. ಅಲ್ಲಿ ಬಿಳಿಯರು ಬ್ಯಾಟು ಬೀಸುವ ಅಭ್ಯಾಸ ಮಾಡುವಾಗ ಈತನು ಚೆಂಡು ಎಸೆಯಬೇಕು. ಎಡಗೈಯಿಂದ ನಿಧಾನವಾಗಿ ತಿರುಗಿಸುವ ಎಸೆತ. ಕ್ಯಾಪ್ಟನ್ ಗ್ರೆಗ್ ಎಂಬ ಹೆಸರಾಂತ ಆಟಗಾರನು ಬೇರೆಯವರಿಗಿಂತ ಒಂದು ತಾಸು ಮೊದಲೇ ಬಂದು ಇವರ ಎಸೆತಕ್ಕೆ ಎದುರು ನಿಂತು ಅಭ್ಯಾಸ ಮಾಡುತ್ತಿದ್ದನು. ತನ್ನನ್ನು ಔಟು ಮಾಡಿದ ಪ್ರತಿ ಸಲವೂ ಎಂಟಾಣೆ ಕೊಡುತ್ತಿದ್ದನೆಂದು ಜನರು ಹೇಳಿಕೊಂಡು ಬಂದಿದ್ದಾರೆ. ಎಂಟಾಣೆಯ ಕತೆ ನಿಜವಿರಲಿ ಇಲ್ಲದಿರಲಿ, ನೂರಾರು ತಾಸು ಚೆಂಡೆಸೆದು ಬಾಳೂ ಅವರ ಕೈ ಪಳಗಿತು. ಆದರೆ ಬ್ಯಾಟು ಹಿಡಿಯಲು ಅವರಿಗೆ ಅಲ್ಲಿ ಯಾರೂ ಅವಕಾಶ ಕೊಡಲಿಲ್ಲ. ಬ್ಯಾಟು ಬೀಸುವುದು ಯಜಮಾನರ ಹಕ್ಕು, ಎಸೆಯುವುದು ಆಳಿನ ಕೆಲಸ.

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಬಿಳಿಯರನ್ನು ಸೋಲಿಸುವ ಹಂಬಲ. ಸೋಲಿಸಬಲ್ಲವನು ಕಣ್ಣೆದುರಿಗೇ ಉರುಳುಗಲ್ಲು ಎಳೆಯುತ್ತಿದ್ದಾನೆ. ಸೇರಿಸಿಕೊಳ್ಳಬಹುದೇ? ಕ್ಲಬ್ಬಿನಲ್ಲಿ ಇಬ್ಭಾಗವಾಯಿತು. ಬೇಕೆಂದವರು ಅಲ್ಲಿ ನೆಲೆಸಿದ್ದ ತೆಲುಗು ಸದಸ್ಯರು. ಬೇಡವೆಂದವರು ಸ್ಥಳಿಕ ಬ್ರಾಹ್ಮಣರು. ಹೊರಗಿನಿಂದ ಬಂದವರ ಕಣ್ಣಿಗೆ ಊರಿನ ಕಟ್ಟುಕಟ್ಟಳೆಗಳು ಅಷ್ಟೊಂದು ದೊಡ್ಡವಾಗಿ ಕಾಣಲಿಲ್ಲವೋ ಏನೋ. ಇಂಥವನನ್ನು ಬಿಟ್ಟರೆ ಹಿಂದೂಗಳಂಥ ಮೂರ್ಖರಿಲ್ಲವೆಂಬ ಅರ್ಥದ ಮಾತನ್ನು ಗ್ರೆಗ್ ಪತ್ರಿಕೆಯವರ ಮುಂದೆ ಆಡಿದ ಮೇಲೆ ಬಾಗಿಲು ತೆರೆಯಿತು.

ತೆರೆದದ್ದು ಎಷ್ಟು? ಬಯಲಿನಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರು. ಚಹಾದ ವೇಳೆಗೆ ಉಳಿದವರು ಒಳಗೆ ಕುಳಿತು ಪಿಂಗಾಣಿ ಬಟ್ಟಲಿನಲ್ಲಿ ಕುಡಿದರೆ, ಬಾಳೂ ಅವರಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಊಟದ ಎಲೆಯೂ ಬೇರೆ. ಸಾತಾರೆಯಲ್ಲಿ ಬಿಳಿಯರ ಮೇಲಣ ಪಂದ್ಯಕ್ಕೆ ಹೋದಾಗ, ಇವರ ಚೆಂಡು ತಿರುಗದಿರಲೆಂದು ಎದುರಾಳಿಗಳು ಅಂಕಣವನ್ನು ದಿನಗಟ್ಟಲೆ ಉರುಳುಗಲ್ಲಿನಿಂದ ಗಟ್ಟಿ ಮಾಡಿಸಿದ್ದರು. ಆದರೂ ಬಾಳೂ ಅವರು ಏಳು ವಿಕೆಟ್ಟು ಕಿತ್ತರು. ಆಮೇಲೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು, ಜೊತೆಯಲ್ಲಿ ಆಡಬಹುದಾದವನ ಜೊತೆಯಲ್ಲಿ ಉಣ್ಣಲೂಬಹುದಲ್ಲವೇ ಎಂದು ಆಟಗಾರರಿಗೆ ತಿಳಿಯಹೇಳಿದರು. ಗೆಲವಿನ ಬೆನ್ನಿಗೇ ತಿದ್ದುಪಡಿ ಬರುವುದು, ಸೋತಿದ್ದರೆ ಬಾರದಿರುವುದು! ಇದನ್ನು ಓದುಗರು ಗಮನಿಸಬೇಕು.

1896ರಲ್ಲಿ ಪ್ಲೇಗು ಬಂದಾಗ ಬಾಳೂ ಅವರು ಮುಂಬಯಿಗೆ ಬಂದರು. ಹಿಂದೂ ಜಿಮಖಾನಾಕ್ಕೆ ಇವರನ್ನು ಸೇರಿಸಿಕೊಳ್ಳುವ ವಿಷಯದಲ್ಲಿ ಇಲ್ಲಿಯೂ ಗೊಣಗಿದವರಿದ್ದರು. ಆಗಿನ ನಾಯಕ ಕೀರ್ತಿಕರರು ಪಟ್ಟು ಹಿಡಿದು ಸೇರಿಸಿದರು. ಬಾಂಬೆ ಬರೋಡಾ ರೈಲ್ವೆಯಲ್ಲಿ ನೌಕರಿಯೂ ಆಯಿತು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಬಿಳಿಯರನ್ನು ಮೊದಲನೆಯ ಸಲ ಎದುರಿಸಿ 109 ಓಟಗಳಿಂದ ಗೆದ್ದಿತು. ತಂಡದಲ್ಲಿ ಬಾಳೂ ಅವರಲ್ಲದೆ ತಮ್ಮನಾದ ಶಿವರಾಮನೂ ಇದ್ದನು. ಕೆ. ನಟರಾಜನ್ನರ 'ಇಂಡಿಯನ್ ಸೋಶಿಯಲ್ ರಿಫಾರ್ಮರ್' ಪತ್ರಿಕೆಯು ಈ ಗೆಲವನ್ನು ಆಟದ ಗೆಲವೆನ್ನುವುದಕ್ಕಿಂತ, ಜಾತಿಯನ್ನು ಬದಿಗಿಟ್ಟು ಯೋಗ್ಯನನ್ನು ಆರಿಸಿದ ಬುದ್ಧಿಯ ಗೆಲವೆಂದು ಕೊಂಡಾಡಿತು. ಮುಂದೆ ಇನ್ನಿಬ್ಬರು ತಮ್ಮಂದಿರು, ವಿಠ್ಠಲ ಮತ್ತು ಗಣಪತ, ಇವರೂ ಹಿಂದೂ ತಂಡಕ್ಕೆ ಬಂದರು. ನಾಲ್ವರಲ್ಲಿ ವಿಠ್ಠಲನು ಬ್ಯಾಟಿನಲ್ಲಿ ನಿಪುಣ.

1911ರಲ್ಲಿ ಅಖಿಲ ಭಾರತದ ತಂಡವೊಂದು ಇಂಗ್ಲೆಂಡಿಗೆ ಹೊರಟಿತು. ಇದರಲ್ಲಿಯೂ ಆಯ್ಕೆಯು ಕೋಮುವಾರು ಹಂಚಿಕೆ. ಬೆಂಗಳೂರಿನ ಬಿ. ಜಯರಾಮ್ ಅವರೂ ಹೋದರೆಂಬುದು ನಮಗೆ ಸಂತೋಷದ ವಿಷಯ. ನಾಯಕನಾರು? ಪಟಿಯಾಲಾದ ಮಹಾರಾಜ ಭೂಪಿಂದರ ಸಿಂಗರು. ವಯಸ್ಸು ಇಪ್ಪತ್ತೂ ತುಂಬಿರಲಿಲ್ಲ. ಮಹಾರಾಜರಿಗೆ ಅಲ್ಲಿ ಔತಣ, ದರ್ಬಾರುಗಳೇ ಹೆಚ್ಚಾಗಿ, ಆಡಿದ್ದು ಬೆರಳೆಣಿಕೆಯ ಪಂದ್ಯಗಳನ್ನು. ತಂಡವು 23 ಪಂದ್ಯಗಳಲ್ಲಿ 6 ಗೆದ್ದು 15 ಸೋತಿತು. ಆ ಸೋಲಿನ ನಡುವೆ ಒಬ್ಬ ಬಾಳೂ ಅವರೇ 114 ವಿಕೆಟ್ಟುಗಳನ್ನು ಪಡೆದರು. ಒಂದೊಂದು ವಿಕೆಟ್ಟಿಗೆ ಕೊಟ್ಟ ಓಟ ಸರಾಸರಿ 19 ಸಹ ಇಲ್ಲ. ಪಟ್ಟವು ಅರಸನಿಗೆ, ದುಡಿತವು ಬಾಳೂವಿಗೆ.

ಇಷ್ಟಾದ ಮೇಲೂ ಹಿಂದೂ ತಂಡದ ನಾಯಕತ್ವವು ಅವರಿಗೆ ಬರಲಿಲ್ಲ. ವರ್ಷ ವರ್ಷವೂ ಸಮಿತಿ ಕೂಡುತ್ತಿತ್ತು, ವರ್ಷ ವರ್ಷವೂ ಬೇರೆ ಹೆಸರು ಹೊರಡುತ್ತಿತ್ತು. ಎಂ.ಡಿ. ಪೈಗಳು ನಾಯಕರಾಗಿ ಆಯ್ಕೆಯಾದಾಗ ನಡೆದ ಸತ್ಕಾರಕೂಟದಲ್ಲಿ ಪೈಗಳೇ ಎದ್ದು ನಿಂತು, ಈ ಗೌರವವು ಸಲ್ಲಬೇಕಾದದ್ದು ತಂಡದಲ್ಲಿ ಹಿರಿಯನೂ ಅನುಭವಿಯೂ ಆದ ಗೆಳೆಯ ಬಾಳೂವಿಗೆ ಎಂದು ಹೇಳಿಬಿಟ್ಟರು. ಹಾರ ಹಾಕಿಸಿಕೊಳ್ಳುವ ಹೊತ್ತಿನಲ್ಲಿ ಹಾರ ಬೇರೆಯವರದೆಂದು ಹೇಳಲು ದೊಡ್ಡ ಮನಸ್ಸು ಬೇಕು. ಆದರೆ ಹಾಗೆ ಹೇಳಿ ಪಟ್ಟವನ್ನು ಬಿಟ್ಟುಕೊಟ್ಟರೇ? ಇಲ್ಲ. ಬಿಟ್ಟರೂ ಸಮಿತಿಯವರು ಮೂರನೆಯವನನ್ನು ಹುಡುಕುತ್ತಿದ್ದರೆಂದೇ ನನ್ನ ಎಣಿಕೆ.

ಕಡೆಗೆ ಮಾತು ಬಯಲಿಗೆ ಬಿದ್ದದ್ದು 1920ರಲ್ಲಿ. ಆ ಸಲ ಮೊದಲ ಪಂದ್ಯಕ್ಕೆ ಬಾಳೂ ಅವರನ್ನು ಕೈಬಿಟ್ಟರು. ನಲವತ್ತು ದಾಟಿದವರೆಂಬ ನೆಪವಾದರೂ ಅದಕ್ಕಿತ್ತು. ಪೈಗಳು ಆ ಪಂದ್ಯಕ್ಕೆ ದೊರೆಯಲಿಲ್ಲ. ನಾಯಕತ್ವವು ಹಿರಿತನದಿಂದ ವಿಠ್ಠಲನಿಗೆ ಬರಬೇಕಾದ ಹೊತ್ತಿನಲ್ಲಿ ಸಮಿತಿಯು ಕಿರಿಯರಾದ ಪುಣೆಯ ದಿ.ಬ. ದೇವಧರರನ್ನು ಆರಿಸಿತು. ದೇವಧರರು ಸಂಸ್ಕೃತ ಕಲಿಸುವ ಪ್ರಾಧ್ಯಾಪಕರು, ಉತ್ತಮ ಆಟಗಾರರು, ಅವರಲ್ಲಿ ದೋಷವಿರಲಿಲ್ಲ. ವಿಠ್ಠಲನೂ ಶಿವರಾಮನೂ ತಂಡದಿಂದ ಹಿಂದೆ ಸರಿದರು. ಸುಮ್ಮನೆ ಸರಿಯಲಿಲ್ಲ, 'ಬಾಂಬೆ ಕ್ರಾನಿಕಲ್' ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟು ಸರಿದರು. ನಾಯಕನನ್ನು ಆರಿಸುವುದು ಆಟದ ಅನುಭವದ ಮೇಲೋ ಹುಟ್ಟಿನ ಮೇಲೋ, ಅಸ್ಪೃಶ್ಯರೆನಿಸಿಕೊಂಡವರಲ್ಲಿ ಹುಟ್ಟಿದ ಮಾತ್ರಕ್ಕೆ ಹಿರಿಯನನ್ನು ದಾಟಿ ಹೋಗುವುದು ಆಟದ ಧರ್ಮವೋ ಎಂಬುದು ಅವರ ಪ್ರಶ್ನೆಯ ಸಾರ. ಹದಿನೈದು ವರ್ಷ ಕೋಣೆಯೊಳಗೆ ಪಿಸುಮಾತಾಗಿದ್ದ ಕಟ್ಟಳೆಯನ್ನು ಈ ಅಣ್ಣತಮ್ಮಂದಿರು ಅಚ್ಚಿನಲ್ಲಿ ತಂದು ಎಲ್ಲರ ಮುಂದಿಟ್ಟರು. ಅದನ್ನು ಅಚ್ಚಿನಲ್ಲಿ ಸಮರ್ಥಿಸಿಕೊಳ್ಳುವುದು ಸಮಿತಿಗೆ ಸಾಧ್ಯವಿರಲಿಲ್ಲ. ಅದು ಗಾಂಧೀಜಿಯವರು ಅಸ್ಪೃಶ್ಯತೆ ತೊಲಗದೆ ಸ್ವರಾಜ್ಯವಿಲ್ಲವೆಂದು ಸಾರುತ್ತಿದ್ದ ವರ್ಷ ಬೇರೆ.

ಅಂತಿಮ ಪಂದ್ಯಕ್ಕೆ ಮೂವರನ್ನೂ ಮರಳಿ ಕರೆದರು. ಪೈಗಳು ನಾಯಕರು, ಬಾಳೂ ಅವರು ಉಪನಾಯಕರು. ಆಟದ ನಡುವೆ ಪೈಗಳು ಬಯಲಿನಿಂದ ಹೊರಗೆ ಹೋಗಿ ನಿಂತರು. ಅಷ್ಟು ಹೊತ್ತು ಹಿಂದೂ ತಂಡವನ್ನು ಬಾಳೂ ಪಾಲವಣಕರರು ನಡೆಸಿದರು. ಇಡೀ ಜೀವಮಾನದ ಆಟಕ್ಕೆ ದೊರೆತ ನಾಯಕತ್ವವು ಅಷ್ಟೇ. ಮೊದಲ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ಟು ಪಡೆದ ಆ ಕೈ ಆ ಋತುವಿನ ತರುವಾಯ ವಿಶ್ರಾಂತಿ ಪಡೆಯಿತು.

1922ರಲ್ಲಿ ಪುಣೆಯಲ್ಲಿ ಪಂದ್ಯಗಳು ನಡೆದಾಗ ನಾಯಕತ್ವವು ಮತ್ತೆ ದೇವಧರರಿಗೇ ಹೋಯಿತು. ವಿಠ್ಠಲನ ಹಿರಿತನವು ಎರಡನೆಯ ಸಲ ಬದಿಗೆ ಬಿತ್ತು. ಆದರೆ ಜನರು ಮೊದಲಿನ ಹಾಗೆ ಸುಮ್ಮನಿರಲಿಲ್ಲ. 1923ರಲ್ಲಿ ಹಿಂದೂ ತಂಡದ ನಾಯಕನೆಂದು ವಿಠ್ಠಲ ಪಾಲವಣಕರರ ಹೆಸರು ಹೊರಟಿತು. ಅಂತಿಮ ಪಂದ್ಯದಲ್ಲಿ ಬಿಳಿಯರು ಸೋತರು. ಯಾರ ಮೈ ಸೋಕಿದರೆ ಮೈಲಿಗೆಯೆಂದು ಹಿರಿಯರು ಹೇಳಿಕೊಟ್ಟಿದ್ದರೋ ಅವನನ್ನು ತರುಣರು ಹೆಗಲ ಮೇಲೆ ಹೊತ್ತು ಮೆರೆಸಿದರು. ವಿಠ್ಠಲರು 1926ರ ವರೆಗೆ ನಾಲ್ಕು ಸಲ ನಾಯಕರಾಗಿ ಮೂರು ಸಲ ಗೆದ್ದುಕೊಟ್ಟರು. ಅವರು ಮರಾಠಿಯಲ್ಲಿ ಬರೆದ ಆತ್ಮಕಥೆ 'ಮಾಝೇ ಕ್ರೀಡಾ ಜೀವನ' 1948ರಲ್ಲಿ ಪ್ರಕಟವಾಯಿತು. ಅರಸರಿಗೇ ಪಟ್ಟವೆಂಬ ಇನ್ನೊಂದು ರೂಢಿ ಅಲುಗಲು 1932ರ ವರೆಗೆ ಕಾಯಬೇಕಾಯಿತು: ಆ ವರ್ಷ ಇಂಗ್ಲೆಂಡಿನಲ್ಲಿ ಭಾರತದ ಮೊದಲ ಟೆಸ್ಟು ಪಂದ್ಯದಲ್ಲಿ ಪೋರಬಂದರಿನ ಮಹಾರಾಜರು ತಾವೇ ಹಿಂದೆ ಸರಿದು ಸಿ.ಕೆ. ನಾಯುಡು ಅವರಿಗೆ ತಂಡವನ್ನು ವಹಿಸಿಕೊಟ್ಟರು.

ಹಿಂದೂಗಳೊಳಗಿನ ಈ ಕಟ್ಟಳೆ ಬಿದ್ದಿತಾದರೂ ಅದಕ್ಕಿಂತ ದೊಡ್ಡದು, ಮತದ ಮೇಲೆ ತಂಡವೆಂಬುದು, ಹಾಗೆಯೇ ನಿಂತಿತ್ತು. 1930ರಿಂದ 1933ರ ವರೆಗೆ ಸತ್ಯಾಗ್ರಹದ ಕಾವಿನಲ್ಲಿ ಪಂದ್ಯಗಳೇ ನಡೆಯಲಿಲ್ಲ. ಮತ್ತೆ ಆರಂಭವಾಗಿ 1937ರಲ್ಲಿ ಕ್ರೈಸ್ತರು, ಯಹೂದಿಗಳು ಮೊದಲಾದವರನ್ನೆಲ್ಲ 'ಉಳಿದವರು' ಎಂಬ ಒಂದೇ ಚೀಲಕ್ಕೆ ತುಂಬಿ ಐದನೆಯ ತಂಡವನ್ನು ಮಾಡಿದರು. ಅದೇ ವರ್ಷ ಹೊಸ ಬ್ರಾಬೋರ್ನ್ ಸ್ಟೇಡಿಯಮ್ಮಿನಲ್ಲಿ ಯಾವ ಜಿಮಖಾನಾಕ್ಕೆ ಎಷ್ಟು ಆಸನವೆಂಬ ಜಗಳದಿಂದ ಹಿಂದೂ ತಂಡವು ಆಡಲೇ ಇಲ್ಲ. ಕುರ್ಚಿಯ ಎಣಿಕೆಯಿಂದ ಮುರಿದ ಸಂಬಂಧಗಳು ನಮ್ಮ ಮದುವೆಮನೆಗಳಲ್ಲಿಯೂ ಉಂಟಷ್ಟೆ! ವಿಜಯ ಹಜಾರೆಯವರು ಈ 'ಉಳಿದವರ' ಪೈಕಿ. 1943ರ ಅಂತಿಮ ಪಂದ್ಯದಲ್ಲಿ ಹಿಂದೂಗಳ ಮೇಲೆ ಅವರ ತಂಡದ ಎರಡನೆಯ ಸರದಿಯ 387 ಓಟಗಳಲ್ಲಿ 309 ಹಜಾರೆಯವರವು. ತಮ್ಮ ವಿವೇಕನು ಜೊತೆಗೆ ನಿಂತು 300 ಓಟಗಳ ಜೊತೆಯಾಟದಲ್ಲಿ ತಾನು ತೆಗೆದದ್ದು 21. ಆದರೂ ಅವರು ಸೋತರು.

1940ರಲ್ಲಿ ಹಿಂದೂ ಜಿಮಖಾನಾದವರು ವಾರ್ಧಾಕ್ಕೆ ಹೋಗಿ ಗಾಂಧೀಜಿಯವರನ್ನು ಕೇಳಿದರು. ಸತ್ಯಾಗ್ರಹಿಗಳು ಸೆರೆಮನೆಯಲ್ಲಿರುವಾಗ ಈ ಸಂಭ್ರಮವು ತಕ್ಕದ್ದಲ್ಲ; ಅಲ್ಲದೆ ಆಟದಲ್ಲಿ ಕೋಮುವಾರು ವಿಭಾಗವು ತಮಗೆ ಸರಿತೋರದು ಎಂದು ಅವರು ತಿಳಿಸಿದರು. ಜಿಮಖಾನಾವು ಆ ವರ್ಷ ಹಿಂದೆಗೆಯಿತು. ಮರುವರ್ಷವೇ ಮತ್ತೆ ಆಡಿತು. ಪಂದ್ಯಗಳಿಂದ ದ್ವೇಷವೇ ಬೆಳೆಯಿತೆಂದು ಹೇಳಿದರೆ ಅದೂ ಪೂರ್ಣ ಸತ್ಯವಾಗದು. 1944ರಲ್ಲಿ ಕೆ.ಸಿ. ಇಬ್ರಾಹಿಮರ ಅಜೇಯ 137ರ ಬಲದಿಂದ ಮುಸಲ್ಮಾನರು ಹಿಂದೂಗಳನ್ನು ಒಂದೇ ವಿಕೆಟ್ಟಿನಿಂದ ಸೋಲಿಸಿದಾಗ ಸೋತವರ ಕಡೆಯವರೂ ಕೈತಟ್ಟಿ ಮೆಚ್ಚಿದರು. ಆದರೆ ಬಯಲಿನ ಹೊರಗೆ ದೇಶವೇ ಒಡೆಯುವ ಮಾತು ನಡೆದಿತ್ತು. 1946ರಲ್ಲಿ ಪಂದ್ಯಾವಳಿಯನ್ನು ನಿಲ್ಲಿಸಿಬಿಟ್ಟರು. ಆ ಹೊತ್ತಿಗೆ ಪ್ರಾಂತವಾರು ಆಡುವ ರಣಜಿ ಪಂದ್ಯಾವಳಿ ಬೇರೂರಿತ್ತು. ಅದರ ಮೊಟ್ಟಮೊದಲ ಪಂದ್ಯ 1934ರ ನವೆಂಬರಿನಲ್ಲಿ ಮದರಾಸಿಗೂ ಮೈಸೂರಿಗೂ ನಡೆದು ಒಂದೇ ದಿನದಲ್ಲಿ ಮುಗಿಯಿತು. ಸೋತವರು ನಾವೇ ಎಂಬುದನ್ನು ರಾಜ್ಯೋತ್ಸವದ ಸಂಚಿಕೆಯಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗೋಣ.

ಬಾಳೂ ಅವರ ಕಡೆಗಾಲದ ಒಂದು ಸಂಗತಿ ಉಳಿದಿದೆ. ಅಂಬೇಡ್ಕರರು ತಾರುಣ್ಯದಲ್ಲಿ ಬಾಳೂ ಅವರನ್ನು ತಮ್ಮ ಜನದ ಹೆಮ್ಮೆಯೆಂದು ಕಂಡವರು. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಬಂದಾಗ ಇಬ್ಬರ ದಾರಿ ಬೇರೆಯಾಯಿತು. ಬಾಳೂ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. 1937ರ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಬಾಳೂ ಅವರನ್ನೇ ಅಂಬೇಡ್ಕರರ ಎದುರಿಗೆ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಳೂ ಅವರಿಗೆ 11,225. ತಂಡದ ಪಟ್ಟ ಕೊಡಲು ಹಿಂದೆಮುಂದೆ ನೋಡಿದ ಸಮಾಜವು ಇಂಥದೊಂದು ಕಣಕ್ಕೆ ಅವರನ್ನು ಸಂಕೋಚವಿಲ್ಲದೆ ಮುಂದೆ ತಳ್ಳಿತಲ್ಲ ಎಂದು ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಬಾಳೂ ಪಾಲವಣಕರರು 1955ರ ಜುಲೈ 4ರಂದು ತೀರಿಕೊಂಡರು. ಆಗಲೂ ಧಾರವಾಡವು ಮುಂಬಯಿ ರಾಜ್ಯದಲ್ಲಿಯೇ ಇತ್ತು; ಅದು ನಮ್ಮ ರಾಜ್ಯಕ್ಕೆ ಬಂದದ್ದು ಮರುವರ್ಷದ ನವೆಂಬರ್ 1ರಂದು.